ಮೊದಲ ಟ್ರಯಥ್ಲಾನ್‌ಗೆ ತಯಾರಿ: ಪುಣೆಯಲ್ಲಿ ಎಲ್ಲಿಂದ ಶುರು ಮಾಡಲಿ?

ಗದಗ_ಕೋಥ್ರೂಡ್:

ಎಲ್ಲರಿಗೂ ನಮಸ್ಕಾರ. ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ಟ್ರಯಥ್ಲಾನ್ ಒಂದನ್ನು ಮಾಡಬೇಕು ಅಂತಿದ್ದೇನೆ. ನಾನು ಗದಗದವನು. ಈಗ ಕೋಥ್ರೂಡ್‌ನಲ್ಲಿ ಮನೆ, ಹಿಂಜೆವಾಡಿಯಲ್ಲಿ ಕೆಲಸ. ವಯಸ್ಸು 41. ಕೆಲವು ವರ್ಷಗಳಿಂದ ಓಡುತ್ತಿದ್ದೇನೆ, 10 ಕಿ.ಮೀ. ಆರಾಮಾಗಿ ಆಗುತ್ತದೆ. ಗೇರ್ ಇರುವ ಒಂದು ಹೈಬ್ರಿಡ್ ಸೈಕಲ್ ಇದೆ. ಈಜು ಮಾತ್ರ ಅಷ್ಟಕ್ಕಷ್ಟೇ. ಊರಿನ ಬಾವಿಯಲ್ಲಿ ಕಲಿತದ್ದು, ತಲೆ ಮೇಲೆತ್ತಿಕೊಂಡೇ ಈಜುತ್ತೇನೆ. ಫ್ರೀಸ್ಟೈಲ್ ಹೊಡೆದರೆ ಪೂಲಿನ ಒಂದು ಉದ್ದ ಮುಗಿಯುವುದರೊಳಗೆ ಏದುಸಿರು.

ಆಫೀಸಿನ ಗೆಳೆಯರಿಬ್ಬರು ಗೋವಾದ ಐರನ್‌ಮ್ಯಾನ್ 70.3 ಅನ್ನುವ ಉದ್ದದ ಟ್ರಯಥ್ಲಾನ್‌ಗೆ ಹೆಸರು ಕೊಡೋಣ ಅಂತ ಹಿಂದೆ ಬಿದ್ದಿದ್ದಾರೆ. ನನಗೂ ಆಸೆ ಬಹಳ ಇದೆ. ನೇರವಾಗಿ ಅದಕ್ಕೇ ಹೋಗಬಹುದಾ, ಅಥವಾ ಮೊದಲು ಸಣ್ಣದೊಂದು ಮಾಡಬೇಕಾ? ಹೊಸ ರೋಡ್ ಬೈಕ್ ಬೇಕೇ ಬೇಕಾ? ಬೆಳಗ್ಗೆ ಎಂಟೂವರೆಗೆ ಕಂಪನಿ ಬಸ್ಸು, ರಾತ್ರಿ ಮನೆ ಸೇರುವಾಗ ಎಂಟು. ಇದರಲ್ಲಿ ಮೂರನ್ನೂ ಹೇಗೆ ಹೊಂದಿಸುವುದು? ಇಲ್ಲೇ ಇದ್ದು ಮಾಡಿದವರು ಹೇಳಿದರೆ ದೊಡ್ಡ ಉಪಕಾರ.

ದಾದರ್_ಈಸ್ಟ್:

ಸರ್, ಧೈರ್ಯವಾಗಿ ಹೆಸರು ಕೊಡಿ. ದೊಡ್ಡ ಗುರಿ ಎದುರಿಗಿದ್ದರೆ ಮೈ ತಾನಾಗಿ ಏಳುತ್ತದೆ. ನಮ್ಮ ಶಿವಾಜಿ ಪಾರ್ಕಿನ ನಟ ಮಿಲಿಂದ್ ಸೋಮನ್ 2015ರಲ್ಲಿ ಜ್ಯೂರಿಕ್‌ನಲ್ಲಿ ಪೂರ್ತಿ ಐರನ್‌ಮ್ಯಾನ್ (70.3ರ ಎರಡರಷ್ಟು ದೂರದ ರೇಸು) ಮುಗಿಸಿದಾಗ ಐವತ್ತರ ಹೊಸ್ತಿಲಲ್ಲಿದ್ದರು. ನಮ್ಮ ಸಂಸದ ತೇಜಸ್ವಿ ಸೂರ್ಯ 2024ರ ಅಕ್ಟೋಬರ್‌ನಲ್ಲಿ ಗೋವಾದ 70.3 ಮುಗಿಸಿದರು. ಅವರಿಗಿಂತ ನಿಮಗೆ ಬಿಡುವು ಕಡಿಮೆ ಇರಲಾರದು. 10 ಕಿ.ಮೀ. ಓಡುವವರು ನೀವು, ಅರ್ಧ ಕೆಲಸ ಆಗಿಯೇ ಇದೆ.

ಕುಂದಾಪ್ರ_ಔಂಧ್:

ದಾದರ್ ಅಣ್ಣ, ನಿಮ್ಮ ಉತ್ಸಾಹ ಇಷ್ಟವಾಯಿತು. ಆದರೆ ನಿಮ್ಮ ಎರಡೂ ಉದಾಹರಣೆ ನನ್ನ ಮಾತಿಗೇ ಹೊಂದುತ್ತವೆ. ಮಿಲಿಂದ್ ಸೋಮನ್ ಹುಡುಗನಾಗಿದ್ದಾಗಿನಿಂದ ಈಜುಗಾರ, ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು. ನೀರು ಅವರಿಗೆ ಹೊಸದಲ್ಲ. ತೇಜಸ್ವಿ ಸೂರ್ಯ 2022ರಲ್ಲಿ ಗೋವಾಕ್ಕೆ ಬಂದದ್ದು ರಿಲೇ ತಂಡದಲ್ಲಿ, 90 ಕಿ.ಮೀ. ಸೈಕಲ್ ಮಾತ್ರ ತುಳಿದರು. ಪೂರ್ತಿ ರೇಸು ಮಾಡಿದ್ದು ಎರಡು ವರ್ಷ ಆದ ಮೇಲೆ, 8 ಗಂಟೆ 27 ನಿಮಿಷದಲ್ಲಿ. ಗಡುವು ಇರುವುದು ಎಂಟೂವರೆ ಗಂಟೆ. ಎರಡು ವರ್ಷ ತಯಾರಾದವರಿಗೂ ಎಷ್ಟು ಕಡಿಮೆ ಸಮಯ ಉಳಿಯಿತು ನೋಡಿ.

ಗದಗದ ಸರ್, 70.3 ಅಂದರೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಈಜನ್ನು 1 ಗಂಟೆ 10 ನಿಮಿಷದಲ್ಲಿ ಮುಗಿಸದಿದ್ದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಒಂದು ಉದ್ದಕ್ಕೆ ಏದುಸಿರು ಬರುವವರು ಮೊದಲ ರೇಸನ್ನೇ ಹೀಗೆ ಇಟ್ಟುಕೊಂಡರೆ, ಇಡೀ ವರ್ಷದ ತಯಾರಿ ಆ ಎಪ್ಪತ್ತು ನಿಮಿಷದ ಭಯದಲ್ಲೇ ಹೋಗುತ್ತದೆ. ಮೊದಲು ಸ್ಪ್ರಿಂಟ್ ಟ್ರಯಥ್ಲಾನ್ ಮಾಡಿ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಆಮೇಲೆ ಒಲಿಂಪಿಕ್ ದೂರ ಇದೆ: 1.5, 40, 10. ಸಿಡ್ನಿಯಲ್ಲಿ 2000ದಲ್ಲಿ ಟ್ರಯಥ್ಲಾನ್ ಒಲಿಂಪಿಕ್ಸ್‌ಗೆ ಬಂದದ್ದು ಇದೇ ಅಳತೆಯಲ್ಲಿ. ಸ್ಪ್ರಿಂಟ್ ಅಂದರೆ ಕಡಿಮೆ ಅಂತ ಯಾರೂ ತಿಳಿಯಬಾರದು. ಅದೂ ಪೂರ್ತಿ ಟ್ರಯಥ್ಲಾನೇ.

ಇನ್ನು ಏದುಸಿರಿನ ವಿಷಯ. ನಾನು ಮಕ್ಕಳಿಗೂ ದೊಡ್ಡವರಿಗೂ ಈಜು ಕಲಿಸುತ್ತೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಓಟಗಾರರಿಗೆ ನೀರಲ್ಲಿ ಉಸಿರು ಕಟ್ಟುವುದು ದಮ್ಮಿಲ್ಲದೆ ಅಲ್ಲ. ಮುಖ ನೀರೊಳಗಿರುವಾಗ ಉಸಿರು ಹಿಡಿದಿರುತ್ತಾರೆ. ಮುಖ ಹೊರಗೆ ಬಂದ ಒಂದು ಕ್ಷಣದಲ್ಲಿ ಬಿಡುವುದೂ ಎಳೆಯುವುದೂ ಎರಡೂ ಆಗಬೇಕು, ಆಗುವುದಿಲ್ಲ. ಒಳಗೆ ಇಂಗಾಲದ ಡೈಆಕ್ಸೈಡ್ ಉಳಿಯುತ್ತಾ ಹೋಗುತ್ತದೆ. ಉಸಿರುಗಟ್ಟಿದ ಹಾಗೆ ಅನಿಸುವುದು ಅದರಿಂದಲೇ. ಹಾಗಾಗಿ ಮೊದಲ ಪಾಠ, ಮುಖ ನೀರಲ್ಲಿದ್ದಷ್ಟು ಹೊತ್ತೂ ಮೂಗು ಬಾಯಿಂದ ಗುಳ್ಳೆ ಬಿಡುತ್ತಲೇ ಇರಿ. ಪೂಲಿನ ಅಂಚು ಹಿಡಿದು ನಿಂತೇ ಅಭ್ಯಾಸ ಮಾಡಿ. ಇದು ಅಭ್ಯಾಸವಾಗುವ ತನಕ ದೂರದ ಲೆಕ್ಕ ಬೇಡ.

ಎರಡನೆಯದು ತಲೆ. ತಲೆ ಮೇಲೆತ್ತಿದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಆಗ ಇಡೀ ಮೈ ನೀರಿಗೆ ಅಡ್ಡ ನಿಂತ ಹಾಗೆ, ಎಷ್ಟು ಕೈ ಹೊಡೆದರೂ ಮುಂದೆ ಹೋಗುವುದಿಲ್ಲ. ತಳದ ಟೈಲ್ಸ್ ನೋಡುತ್ತಾ ಈಜಿ, ಉಸಿರಿಗೆ ತಲೆ ಎತ್ತಬೇಡಿ, ಮೈಯ ಜೊತೆಗೇ ಪಕ್ಕಕ್ಕೆ ತಿರುಗಿಸಿ. ಕಾಲನ್ನು ಜೋರಾಗಿ ಬಡಿಯುವ ಅಗತ್ಯವಿಲ್ಲ. ದೂರದ ಫ್ರೀಸ್ಟೈಲ್‌ನಲ್ಲಿ ಮುಂದಕ್ಕೆ ಒಯ್ಯುವುದು ಹೆಚ್ಚಾಗಿ ಕೈ. ಕಾಲಿಗೆ ಆಮೇಲೆ ಸೈಕಲ್ಲೂ ಓಟವೂ ಕಾದಿವೆ ಅಲ್ವಾ.

ವಾರಕ್ಕೊಮ್ಮೆ ಎರಡು ಗಂಟೆ ಈಜುವುದಕ್ಕಿಂತ ವಾರಕ್ಕೆ ಮೂರು ಸಲ ಅರ್ಧರ್ಧ ಗಂಟೆ ಈಜುವುದು ಎಷ್ಟೋ ಮೇಲು. ನೀರಿನ ಹಿಡಿತ ದಿನ ಬಿಟ್ಟರೆ ಮರೆಯುತ್ತದೆ. ಪುಣೆಯಲ್ಲಿ ಬಾಲೇವಾಡಿಯ ಕ್ರೀಡಾ ಸಂಕೀರ್ಣದಲ್ಲಿ 50 ಮೀಟರ್ ಪೂಲ್ ಇದೆ, 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ಜಾಗ. ಕೋಥ್ರೂಡ್‌ನಿಂದ ಅಷ್ಟು ದೂರ ಬೇಡ ಅಂದರೆ ನಿಮಗೆ ಹತ್ತಿರದ ಯಾವುದಾದರೂ 25 ಮೀಟರ್ ಪೂಲ್ ಸಾಕು. ಕಲಿಯುವ ಹಂತದಲ್ಲಿ ಉದ್ದಕ್ಕಿಂತ, ಪಕ್ಕದಲ್ಲಿ ನಿಂತು ತಿದ್ದುವವರು ಇದ್ದಾರಾ ಅನ್ನುವುದೇ ಮುಖ್ಯ.

ಗದಗ_ಕೋಥ್ರೂಡ್:

ಅಕ್ಕ, ತುಂಬಾ ಥ್ಯಾಂಕ್ಸ್. ಉಸಿರು ಬಿಡುವ ಮಾತನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಇನ್ನೊಂದು ಕೇಳಲಾ? 750 ಮೀಟರ್ ಪೂರ್ತಿ ಫ್ರೀಸ್ಟೈಲ್‌ನಲ್ಲೇ ಮಾಡಬೇಕಾ? ಖಡಕ್‌ವಾಸ್ಲಾ ಅಣೆಕಟ್ಟಿನ ನೀರಲ್ಲಿ ಅಭ್ಯಾಸ ಮಾಡಬಹುದಾ?

ಕುಂದಾಪ್ರ_ಔಂಧ್:

ಯಾವ ಸ್ಟ್ರೋಕ್ ಆದರೂ ನಡೆಯುತ್ತದೆ. ಬ್ರೆಸ್ಟ್ ಸ್ಟ್ರೋಕ್ ಮಾಡಿದರೂ ಯಾರೂ ತಡೆಯುವುದಿಲ್ಲ. ಸುಸ್ತಾದರೆ ಕಾವಲಿಗಿರುವ ಕಯಾಕ್ (ಸಣ್ಣ ದೋಣಿ) ಅಥವಾ ತೇಲುಬುರುಡೆ ಹಿಡಿದು ನಿಲ್ಲಬಹುದು. ಅದನ್ನು ಹಿಡಿದುಕೊಂಡು ಮುಂದೆ ಸಾಗಬಾರದು, ಅಷ್ಟೇ.

ಖಡಕ್‌ವಾಸ್ಲಾ ಬೇಡ. ದಡದಿಂದ ಶಾಂತವಾಗಿ ಕಾಣುತ್ತದೆ, ಒಳಗೆ ಕೆಸರು, ಆಳ ಒಂದೇ ಸಮ ಇಲ್ಲ. ಜನ ಮುಳುಗಿದ ಸುದ್ದಿ ನಾವೇ ಓದುತ್ತಿರುತ್ತೇವೆ. ಎಷ್ಟೇ ಚೆನ್ನಾಗಿ ಈಜುವವರಾದರೂ ಅಣೆಕಟ್ಟಿಗೆ, ಕೆರೆಗೆ ಒಂಟಿಯಾಗಿ ಇಳಿಯಲೇಬೇಡಿ. ಅನುಮತಿ ಇರುವ ಕಡೆ, ಕೋಚ್ ಮತ್ತು ದೋಣಿ ಇರುವ ತಂಡದ ಜೊತೆಗೆ ಮಾತ್ರ. ಸೊಂಟಕ್ಕೆ ಕಟ್ಟುವ ಕಿತ್ತಳೆ ಬಣ್ಣದ ತೇಲುಚೀಲ ಇರಲಿ, ಬೇರೆಯವರಿಗೆ ನೀವು ಕಾಣುತ್ತೀರಿ.

ಅಲ್ಲಿಯತನಕ ಪೂಲಿನಲ್ಲೇ ಅರ್ಧ ತಯಾರಿ ಆಗುತ್ತದೆ. 50 ಮೀಟರ್ ಪೂಲಿನಲ್ಲಿ 750 ಅಂದರೆ 15 ಉದ್ದ. ಪ್ರತಿ ಸಲ ಗೋಡೆ ತಳ್ಳುವಾಗ ಗೊತ್ತಿಲ್ಲದೆಯೇ ಒಂದು ವಿಶ್ರಾಂತಿ ಸಿಗುತ್ತದೆ. ಹೊರಗೆ ಗೋಡೆಯಿಲ್ಲ, ತಳದಲ್ಲಿ ಗೆರೆಯೂ ಇಲ್ಲ. ಅದಕ್ಕೆ ಕೆಲವು ದಿನ ಗೋಡೆ ಮುಟ್ಟದೆ ಮೊದಲೇ ತಿರುಗಿ. ಏಳೆಂಟು ಕೈಗೊಮ್ಮೆ ಮೊಸಳೆಯ ಹಾಗೆ ಕಣ್ಣು ಮಾತ್ರ ನೀರಿನ ಮೇಲೆ ತಂದು ದಿಕ್ಕು ನೋಡಿ, ಆಮೇಲೆ ಪಕ್ಕಕ್ಕೆ ತಿರುಗಿ ಉಸಿರು ತೆಗೆದುಕೊಳ್ಳಿ. ಗೆಳೆಯರಿಬ್ಬರನ್ನು ಒಂದೇ ಲೇನಿನಲ್ಲಿ ಅಕ್ಕಪಕ್ಕ ಈಜಿಸಿ, ಮೈಗೆ ಮೈ ತಾಗಲಿ. ರೇಸು ಶುರುವಾಗುವಾಗ ಯಾರದೋ ಕೈ ತಲೆಗೆ ಬಡಿದರೆ ಗಾಬರಿ ಆಗದಿರುವುದಕ್ಕೆ ಇದೇ ಮದ್ದು. ಗಾಬರಿ ಆಯಿತಾ, ತಕ್ಷಣ ಅಂಗಾತ ತೇಲಿ. ಉಸಿರು ಹದಕ್ಕೆ ಬರುವ ತನಕ ಹಾಗೇ ಇರಿ. ಬೇಕಾದರೆ ಒಂದು ಕೈ ಎತ್ತಿ, ಕಯಾಕ್ ಬರುತ್ತದೆ. ಅಂಗಾತ ತೇಲುವುದನ್ನು ಕಲಿಯದೆ ಯಾರೂ ತೆರೆದ ನೀರಿಗೆ ಇಳಿಯಬಾರದು ಅನ್ನುವುದು ನನ್ನ ಹಟ.

ಪಣಜಿ_ಬಾಗಲಕೋಟೆ:

ಗೋವಾ ಕಡೆಯಿಂದ ಒಂದಿಷ್ಟು. ಇಲ್ಲಿ 70.3 ಮೊದಲ ಸಲ ನಡೆದದ್ದು 2019ರಲ್ಲಿ, ಮಿರಾಮಾರ್ ಬೀಚಿನಲ್ಲಿ. ಮಾಂಡೋವಿ ಸಮುದ್ರ ಸೇರುವ ಜಾಗದ ಪಕ್ಕದಲ್ಲೇ ಅದು. ನೀರು ಕದಡಿರುತ್ತದೆ, ಮುಂದೆ ಚಾಚಿದ ನಮ್ಮ ಕೈಯೇ ಸರಿಯಾಗಿ ಕಾಣುವುದಿಲ್ಲ. ಪೂಲಿನ ತಿಳಿನೀರಲ್ಲಿ ಮಾತ್ರ ಈಜಿದವರಿಗೆ ಇದೇ ಮೊದಲ ಆಘಾತ. ಉಪ್ಪುನೀರು ಮೈಯನ್ನು ಸ್ವಲ್ಪ ಹೆಚ್ಚು ತೇಲಿಸುತ್ತದೆ, ಅದೊಂದು ಅನುಕೂಲ. ವೆಟ್‌ಸೂಟ್ (ಮೈ ಬೆಚ್ಚಗಿಡುವ ಈಜುಡುಗೆ) ಅಂತ ದುಡ್ಡು ಹಾಕಬೇಡಿ. ಅದು ತಣ್ಣೀರಿನ ಊರುಗಳಿಗೆ. ನಮ್ಮ ಸಮುದ್ರ ಬೆಚ್ಚಗಿದೆ, ರೇಸಿನಲ್ಲಿ ಅದನ್ನು ಹಾಕಲು ಬಿಡುವುದೂ ಇಲ್ಲ.

ಅಭ್ಯಾಸಕ್ಕೆ ಬರುವವರಿಗೆ ಒಂದು ಕೋರಿಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸಮುದ್ರಕ್ಕೆ ಇಳಿಯಬೇಡಿ. ಕೆಂಪು ಬಾವುಟ ಇದ್ದರೆ ಲೈಫ್‌ಗಾರ್ಡ್ ಜೊತೆ ವಾದ ಬೇಡ. ಜೆಲ್ಲಿಫಿಶ್ ತಾಗಿದರೆ ಉಜ್ಜಬೇಡಿ, ಸಿಹಿನೀರು ಸುರಿಯಬೇಡಿ. ಸಮುದ್ರದ ನೀರಲ್ಲೇ ತೊಳೆದು ಲೈಫ್‌ಗಾರ್ಡ್ ಹತ್ತಿರ ಹೋಗಿ.

ಇನ್ನೊಂದು, ಸೆಕೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಮಳೆಗಾಲ ಮುಗಿದರೆ ಗಾಳಿ ಒಣ. ಇಲ್ಲಿ ಅಕ್ಟೋಬರ್, ನವೆಂಬರ್‌ನಲ್ಲೂ ಬೆವರು ಆರುವುದೇ ಇಲ್ಲ. ಆರದ ಬೆವರಿನಿಂದ ಮೈ ತಂಪಾಗುವುದಿಲ್ಲ. ಪುಣೆಯಲ್ಲಿ ಓಡುವ ವೇಗದಲ್ಲೇ ಇಲ್ಲಿ ಓಡುತ್ತೇನೆ ಅಂದುಕೊಂಡು ಬಂದವರು ಅರ್ಧ ದಾರಿಯಲ್ಲಿ ನಡೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಮೈ ಸೆಕೆಗೆ ಹೊಂದಿಕೊಳ್ಳಲು ಹತ್ತು ಹದಿನಾಲ್ಕು ದಿನ ಬೇಕು. ರೇಸಿಗೆ ಮುಂಚಿನ ಎರಡು ವಾರ ಕೆಲವು ಓಟಗಳನ್ನು ಬಿಸಿಲೇರಿದ ಮೇಲೆ, ನಿಧಾನವಾಗಿ ಮಾಡಿಕೊಂಡು ಬನ್ನಿ.

ದಾದರ್_ಈಸ್ಟ್:

ಅಕ್ಕನ ಮಾತು ಒಪ್ಪುತ್ತೇನೆ, ನೀರಿನ ವಿಷಯದಲ್ಲಿ ಅವಸರ ಬೇಡ. ಆದರೆ ಗೆಳೆಯರ ಗುಂಪು ಕಟ್ಟಿಕೊಂಡು ಹೊರಟಿದೆ ಅನ್ನುವುದೂ ಸಣ್ಣ ಮಾತಲ್ಲ. ಒಂಟಿಯಾಗಿ ಬೆಳಗ್ಗೆ ಐದಕ್ಕೆ ಏಳುವವರು ಎಷ್ಟು ಮಂದಿ? ಹಾಗಿದ್ದರೆ ರಿಲೇ ಯಾಕಾಗಬಾರದು? ಒಬ್ಬರು ಈಜು, ಒಬ್ಬರು ಸೈಕಲ್, ಒಬ್ಬರು ಓಟ. ಗದಗದ ಸರ್ ಓಟ ತೆಗೆದುಕೊಳ್ಳಲಿ. ಗುಂಪೂ ಒಡೆಯುವುದಿಲ್ಲ, ದೊಡ್ಡ ರೇಸು ಹೇಗಿರುತ್ತದೆ ಅನ್ನುವುದೂ ಗೊತ್ತಾಗುತ್ತದೆ. ತಮ್ಮ ಸ್ಪ್ರಿಂಟ್ ಅದಕ್ಕೆ ಮೊದಲೋ ಆಮೇಲೋ ಮಾಡಿಕೊಳ್ಳಲಿ. ಕೊಲ್ಹಾಪುರದಲ್ಲೂ ಟ್ರಯಥ್ಲಾನ್ ನಡೆಯುತ್ತದೆ, ಪುಣೆಯಿಂದ ಹೆದ್ದಾರಿ ಹಿಡಿದರೆ ನೇರ ದಾರಿ.

ಸಿಂಹಗಡ_ಸವಾರ:

ಸೈಕಲ್ ವಿಷಯ ನಾನು ಹೇಳುತ್ತೇನೆ. ಹೊಸ ಬೈಕ್ ಬೇಡ. ಮೊದಲ ಸ್ಪ್ರಿಂಟ್‌ನ 20 ಕಿ.ಮೀ.ಗೆ ನಿಮ್ಮ ಹೈಬ್ರಿಡ್ ಧಾರಾಳ ಸಾಕು. ಲಕ್ಷಗಟ್ಟಲೆ ಕೊಟ್ಟು ಕಾರ್ಬನ್ ಬೈಕ್ ತಂದು ಬಾಲ್ಕನಿಯಲ್ಲಿ ನಿಲ್ಲಿಸಿದವರನ್ನು ಈ ಊರಲ್ಲಿ ಬೇಕಾದಷ್ಟು ನೋಡಿದ್ದೇನೆ. ಆ ದುಡ್ಡಲ್ಲಿ ಸ್ವಲ್ಪ ಭಾಗ ಒಳ್ಳೆಯ ಹೆಲ್ಮೆಟ್, ಮೇಲ್ಮೈ ನುಣುಪಾಗಿರುವ ಅಗಲ ಕಡಿಮೆಯ ಟೈರ್, ಹಿಂದಿನ ಕೆಂಪು ಲೈಟ್, ಪ್ಯಾಡ್ ಇರುವ ಶಾರ್ಟ್ಸ್, ಪಂಕ್ಚರ್ ಕಿಟ್ ಇಷ್ಟಕ್ಕೆ ಹಾಕಿ. ಉಳಿದದ್ದು ಈಜು ಕೋಚ್‌ಗೆ ಹೋಗಲಿ. ಮೂರರಲ್ಲಿ ದುಡ್ಡು ಕೊಟ್ಟರೆ ನಿಜವಾಗಿ ಸುಧಾರಿಸುವುದು ಅದೊಂದೇ.

ಸೀಟಿನ ಎತ್ತರ ಇವತ್ತೇ ಸರಿ ಮಾಡಿ. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪವೇ ಬಾಗುತ್ತದೆ. ಪುಣೆಯಲ್ಲಿ ಅರ್ಧ ಜನರ ಸೀಟು ತಗ್ಗಿರುತ್ತದೆ, ಮಂಡಿನೋವು ಅಲ್ಲಿಂದಲೇ ಶುರು. ಗೇರು ಹಗುರ ಇಟ್ಟು ನಿಮಿಷಕ್ಕೆ 80ರಿಂದ 90 ಸುತ್ತು ತುಳಿಯಲು ಕಲಿಯಿರಿ. ಭಾರದ ಗೇರಿನಲ್ಲಿ ಒತ್ತಿ ತುಳಿದರೆ ಓಟಕ್ಕೆ ತೊಡೆ ಉಳಿಯುವುದಿಲ್ಲ.

ದಾರಿ: ಚಾಂದಣಿ ಚೌಕದಿಂದ ಪಿರಂಗುಟ್, ಪೌಡ್ ಮೇಲೆ ಮುಳಶಿ ಕಡೆ. ನಡುವೆ ಸಣ್ಣ ಘಾಟೂ ಸಿಗುತ್ತದೆ. ಇನ್ನೊಂದು, ಖಡಕ್‌ವಾಸ್ಲಾ ದಾಟಿ ಡೋಣಜೆ, ಪಾನಶೇತ್ ಕಡೆ. ಶನಿವಾರ ಭಾನುವಾರ ಸಿಂಹಗಡ ಕೋಟೆಗೆ ಹೋಗುವ ಜನ ಎದ್ದೇಳುವ ಮೊದಲು ವಾಪಸ್ ಬಂದಿರಬೇಕು. ಕಾತ್ರಜ್ ಬೈಪಾಸ್ ಬೇಡ, ಲಾರಿಗಳ ಕಾಟ. ಎಕ್ಸ್‌ಪ್ರೆಸ್‌ವೇ ಮೇಲೆ ಸೈಕಲ್ಲಿಗೆ ಪ್ರವೇಶವೇ ಇಲ್ಲ. ಮಳೆ ಜೋರಿದ್ದ ದಿನ ಹೊರಗೆ ಹೋಗಬೇಡಿ, ನೀರು ನಿಂತ ಗುಂಡಿಯ ಆಳ ಯಾರಿಗೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ತುಳಿಯಿರಿ.

ಮತ್ತೆ ಬ್ರಿಕ್. ಸೈಕಲ್ ಇಳಿದ ಕೂಡಲೇ ಓಡುವ ಅಭ್ಯಾಸಕ್ಕೆ ಹಾಗೆ ಹೇಳುತ್ತಾರೆ. ಮೊದಲ ಸಲ ಇಳಿದು ಓಡಿದಾಗ ಕಾಲು ನಮ್ಮದೇ ಅಲ್ಲ ಅನಿಸುತ್ತದೆ. ಅದು ನಿಮ್ಮ ದೋಷ ಅಲ್ಲ, ಎಲ್ಲರಿಗೂ ಹಾಗೇ. ಸಣ್ಣ ಹೆಜ್ಜೆ ಹಾಕಿ, ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಪ್ರತಿ ಶನಿವಾರ ಸೈಕಲ್ ಮುಗಿದ ಮೇಲೆ ಹತ್ತು ಹದಿನೈದು ನಿಮಿಷ ಓಡಿ. ಅಷ್ಟು ಸಾಕು, ಹೆಚ್ಚು ಬೇಡ.

ಡಾಕ್ಟರ್_ಎರಂಡವಣೆ:

ನಲವತ್ತು ದಾಟಿದ್ದೀರಿ, ಹಾಗಾಗಿ ನಾನು ಬರೆಯಲೇಬೇಕು. ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ 1985ರಿಂದ 2016ರವರೆಗೆ ಆದ ಸಾವು ಮತ್ತು ಹೃದಯಸ್ತಂಭನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಅಧ್ಯಯನ ಇದೆ. ಒಟ್ಟು 135 ಪ್ರಕರಣ, ಅದರಲ್ಲಿ 90 ಈಜಿನ ಹೊತ್ತಲ್ಲೇ. ಹೆಚ್ಚಿನವರು ಗಂಡಸರು, ಸರಾಸರಿ ವಯಸ್ಸು 47ರ ಆಸುಪಾಸು. ಲಕ್ಷಗಟ್ಟಲೆ ಜನ ಪಾಲ್ಗೊಂಡ ಲೆಕ್ಕದಲ್ಲಿ ಇದು ತೀರಾ ಅಪರೂಪ, ಹೆದರಬೇಕಿಲ್ಲ. ಆದರೆ ತಪಾಸಣೆ ತಪ್ಪಿಸಬೇಡಿ. ಬಿ.ಪಿ., ಸಕ್ಕರೆ, ಇ.ಸಿ.ಜಿ. ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಲ್ಲಿ ಹೃದಯದ ತೊಂದರೆ ಆಗಿದ್ದರೆ ಅದನ್ನು ವೈದ್ಯರಿಗೆ ಹೇಳಿ. ಇನ್ನೂ ಏನಾದರೂ ಪರೀಕ್ಷೆ ಬೇಕಾ ಅಂತ ಅವರು ತೀರ್ಮಾನಿಸುತ್ತಾರೆ.

ಎದೆ ಹಿಡಿದರೆ, ತಲೆ ಸುತ್ತಿದರೆ, ಯಾವತ್ತೂ ಇಲ್ಲದ ಉಸಿರಾಟದ ಕಷ್ಟ ಬಂದರೆ ಅಲ್ಲೇ ನಿಲ್ಲಿಸಿ. ಜ್ವರ ಇದ್ದಾಗ ವ್ಯಾಯಾಮ ಬೇಡವೇ ಬೇಡ. ಪುಣೆಯಲ್ಲಿ ಮಳೆಗಾಲದ ಕೊನೆಗೆ ಡೆಂಗ್ಯೂ, ಚಿಕುನ್‌ಗುನ್ಯಾ ಎರಡೂ ಇರುತ್ತವೆ. ಗೋವಾ ರೇಸಿನ ತಯಾರಿ ಜೋರಾಗುವುದೂ ಅದೇ ತಿಂಗಳುಗಳಲ್ಲಿ. ಜ್ವರ ಬಿಟ್ಟ ಮೇಲೂ ವೈದ್ಯರು ಹೇಳುವ ತನಕ ಕಾಯಿರಿ. ರೇಸು ಮುಂದಿನ ವರ್ಷವೂ ಬರುತ್ತದೆ.

ಊಟದ ಬಗ್ಗೆ ಚಿಕ್ಕದಾಗಿ. ಸ್ಪ್ರಿಂಟ್‌ಗೆ ಜೆಲ್, ಪುಡಿ ಏನೂ ಬೇಕಾಗಿಲ್ಲ. ಎರಡು ಮೂರು ಗಂಟೆ ಮೊದಲು ಇಡ್ಲಿ ಅಥವಾ ಅವಲಕ್ಕಿ, ಜೊತೆಗೊಂದು ಬಾಳೆಹಣ್ಣು. ಉದ್ದದ ಅಭ್ಯಾಸದ ದಿನ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ) ಹೊಟ್ಟೆಗೆ ಹೋಗಬೇಕು. ಬಾಳೆಹಣ್ಣು, ಖರ್ಜೂರ ಸಾಕು. ಶೇಂಗಾ ಚಿಕ್ಕಿಯಲ್ಲಿ ಕೊಬ್ಬು ಜಾಸ್ತಿ, ಸವಾರಿ ಮುಗಿದ ಮೇಲೆ ತಿನ್ನಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯಬೇಡಿ, ರಕ್ತದಲ್ಲಿ ಸೋಡಿಯಂ ಇಳಿದು ಅಪಾಯ ಆಗುತ್ತದೆ. ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ.

ಬೆಳಗಾವಿ_ಬಾಣೇರ್:

ಸಮಯದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಿಜವಾದ ಕಷ್ಟ ಇರುವುದು ಅಲ್ಲೇ. ನನಗೆ ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಡಬ್ಬಿ ಕಟ್ಟಬೇಕು, ನನಗೂ ಕೆಲಸ ಇದೆ. ಲೇಡೀಸ್ ಬ್ಯಾಚ್ ಯಾವಾಗ ಇರುತ್ತದೋ ಆಗಲೇ ನನ್ನ ಈಜು. ಹಾಗಾಗಿ ಉಳಿದದ್ದೆಲ್ಲ ಅದರ ಸುತ್ತ ಹೊಂದಿಸಬೇಕಾಯಿತು. ನೀವೂ ಹಾಗೇ ಮಾಡಿ ಸರ್. ಪೂಲಿನ ಸಮಯ ನಮ್ಮ ಕೈಯಲ್ಲಿಲ್ಲ, ಓಟದ ಸಮಯ ನಮ್ಮ ಕೈಯಲ್ಲಿದೆ. ಮೊದಲು ಪೂಲ್ ಬ್ಯಾಚ್ ಗಟ್ಟಿ ಮಾಡಿ, ಆಮೇಲೆ ಮಿಕ್ಕದ್ದು.

ವಾರದಲ್ಲಿ ಮೂರು ಬೆಳಗ್ಗೆ ಈಜು, ಎರಡು ದಿನ ಓಟ, ಶನಿವಾರ ಸೈಕಲ್ ಮತ್ತು ಅದರ ಬೆನ್ನಿಗೆ ಚಿಕ್ಕ ಓಟ, ಒಂದು ದಿನ ಪೂರ್ತಿ ರಜೆ. ನೀವು ಓಟಗಾರರು, ಓಟವನ್ನು ಸ್ವಲ್ಪ ಕಡಿಮೆ ಮಾಡಲು ಮನಸ್ಸು ಒಪ್ಪುವುದಿಲ್ಲ. ಒಪ್ಪಿಸಿ. ಆ ಸಮಯವೇ ಈಜಿಗೆ ಬೇಕಾಗಿರುವುದು. ಓಟ, ಸೈಕಲ್ ಎರಡರಲ್ಲೂ ಹೆಚ್ಚಿನ ಭಾಗ ಮಾತಾಡುತ್ತಾ ಮಾಡುವಷ್ಟು ನಿಧಾನ ಇರಲಿ. ಮೂರು ವಾರ ಏರಿಸಿದರೆ ನಾಲ್ಕನೇ ವಾರ ಇಳಿಸಿ. ಹದಿನಾರು ವಾರ ಸಿಕ್ಕರೆ ಸ್ಪ್ರಿಂಟ್‌ಗೆ ಅವಸರವೇ ಆಗುವುದಿಲ್ಲ.

ಇನ್ನು ಮನೆ. ಬೆಳಗ್ಗೆ ಐದಕ್ಕೆ ಎದ್ದು ಹೊರಟರೆ ಮನೆಯ ಕೆಲಸ ಇನ್ಯಾರ ಮೇಲೋ ಬೀಳುತ್ತದೆ. ಅದನ್ನು ಮೊದಲೇ ಕೂತು ಮಾತಾಡಿ. ನಮ್ಮ ಮನೆಯಲ್ಲಿ ಅತ್ತೆ ಎರಡು ದಿನ ಡಬ್ಬಿ ನೋಡಿಕೊಳ್ಳುತ್ತಾರೆ, ಎರಡು ದಿನ ನನ್ನ ಗಂಡ. ಭಾನುವಾರ ನಾನು ಎಲ್ಲೂ ಹೋಗುವುದಿಲ್ಲ. ಈ ಒಪ್ಪಂದ ಇಲ್ಲದಿದ್ದರೆ ಯಾವ ಟ್ರೇನಿಂಗ್ ಪ್ಲಾನೂ ಎರಡು ತಿಂಗಳು ಬಾಳುವುದಿಲ್ಲ. ಗಂಡಸರು ಇದನ್ನು ವೇಳಾಪಟ್ಟಿಯಲ್ಲಿ ಬರೆದುಕೊಳ್ಳುವುದಿಲ್ಲ, ಬರೆದುಕೊಳ್ಳಬೇಕು.

ಗದಗ_ಕೋಥ್ರೂಡ್:

ಎಲ್ಲರಿಗೂ ಕೈಮುಗಿದೆ. ಬೆಳಗಾವಿಯ ಅಕ್ಕನ ಕೊನೆಯ ಮಾತನ್ನು ಮನೆಯಲ್ಲೂ ಓದಿ ಹೇಳಿದೆ. ಮಂಗಳವಾರ, ಗುರುವಾರ ಬೆಳಗ್ಗೆ ಮಗಳನ್ನು ಶಾಲೆಗೆ ತಯಾರು ಮಾಡುವುದು ನನ್ನ ಪಾಲು ಅಂತ ಆಯಿತು. ಆ ದಿನ ಓಟ ಅದಕ್ಕೂ ಮೊದಲು.

ಗೆಳೆಯರ ಜೊತೆ ಮಾತಾಡಿದೆ. ಗೋವಾಕ್ಕೆ ರಿಲೇ ತಂಡ ಆಗಿ ಹೋಗುತ್ತೇವೆ, ಓಟ ನನ್ನದು. ನನ್ನ ಸ್ವಂತ ಮೊದಲ ಟ್ರಯಥ್ಲಾನ್ ಸ್ಪ್ರಿಂಟ್. ಪೂಲ್ ಬ್ಯಾಚ್ ಸೋಮ, ಬುಧ, ಶುಕ್ರ ಸಿಕ್ಕಿದೆ, ಕೋಚ್ ಸಮೇತ. ಡಾಕ್ಟರ್ ಮೇಡಂ ಹೇಳಿದ ಪರೀಕ್ಷೆಗಳಿಗೆ ಈ ವಾರವೇ ಹೋಗುತ್ತೇನೆ.

ಇನ್ನೊಂದೇ ಉಳಿದಿದೆ. ಈಜಿನಿಂದ ಸೈಕಲ್ಲಿಗೆ ಹೋಗುವ ಜಾಗದಲ್ಲಿ ಏನೇನು ನಿಯಮ ಇರುತ್ತದೆ?

ಸಿಂಹಗಡ_ಸವಾರ:

ಅದಕ್ಕೆ ಟ್ರಾನ್ಸಿಶನ್ ಅನ್ನುತ್ತಾರೆ. ಅಲ್ಲಿ ಕಳೆದ ಸಮಯವೂ ನಿಮ್ಮ ಒಟ್ಟು ಸಮಯಕ್ಕೇ ಸೇರುತ್ತದೆ. ಸ್ಟ್ಯಾಂಡಿನಿಂದ ಸೈಕಲ್ ತೆಗೆಯುವ ಮೊದಲೇ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದಿರಬೇಕು. ವಾಪಸ್ ಬಂದು ಸೈಕಲ್ ನಿಲ್ಲಿಸಿದ ಮೇಲೆ ಮಾತ್ರ ಬಿಚ್ಚಬೇಕು. ಒಳಗೆ ಸೈಕಲ್ ಹತ್ತುವ ಹಾಗಿಲ್ಲ, ತಳ್ಳಿಕೊಂಡೇ ಹೋಗಿ ಗೆರೆ ದಾಟಿ ಹತ್ತಬೇಕು. ಇಳಿಯಲಿಕ್ಕೂ ಹಾಗೇ ಒಂದು ಗೆರೆ ಇರುತ್ತದೆ. ಕಿವಿಗೆ ಇಯರ್‌ಫೋನ್ ಹಾಕಬಾರದು. ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವುದೂ ನಮ್ಮಂಥವರ ರೇಸುಗಳಲ್ಲಿ ಹೆಚ್ಚಾಗಿ ನಿಷಿದ್ಧ. ಐರನ್‌ಮ್ಯಾನ್ ರೇಸುಗಳಲ್ಲಿ 12 ಮೀಟರ್ ಅಂತರ ಬಿಡಬೇಕು. ಹಿಂದಿನ ದಿನವೇ ಹೋಗಿ ನಿಮ್ಮ ಸೈಕಲ್ ಯಾವ ಸಾಲಿನಲ್ಲಿದೆ, ನೀರಿನಿಂದ ಬರುವ ದಾರಿ ಯಾವುದು, ಸೈಕಲ್ ಹೊರಗೆ ಹೋಗುವ ದಾರಿ ಯಾವುದು ಅಂತ ನಡೆದು ನೋಡಿಕೊಳ್ಳಿ. ಒದ್ದೆ ಕಾಲಿಗೆ ಸಾಕ್ಸ್ ಹಾಕುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ, ಅಲ್ಲೇ ಎಲ್ಲರ ಸಮಯ ಹೋಗುವುದು.

ಈ ಶನಿವಾರ ನಾವು ನಾಲ್ಕೈದು ಜನ ಐದೂಮುಕ್ಕಾಲಿಗೆ ಚಾಂದಣಿ ಚೌಕದಿಂದ ಪೌಡ್‌ವರೆಗೆ ಹೋಗುತ್ತಿದ್ದೇವೆ, ನಿಧಾನದ ಸವಾರಿ. ಬನ್ನಿ. ಸ್ಪೇರ್ ಟ್ಯೂಬ್, ಟೈರ್ ಲಿವರ್ ತನ್ನಿ. ಚಕ್ರ ಬಿಚ್ಚಿ ಟ್ಯೂಬ್ ಬದಲಿಸುವುದನ್ನು ಅಲ್ಲೇ ನಿಮ್ಮ ಕೈಯಿಂದಲೇ ಮಾಡಿಸುತ್ತೇನೆ.